ಎಡ ಅಂಗೈಯಲ್ಲಿ ಇಟ್ಟದ್ದು

ನನ್ನ ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಊಟದ ಡಬ್ಬಿಯ ಅಂಚು ಬಡಿದು ಆದದ್ದು. ಯಾರಾದರೂ ಕೇಳಿದರೆ ಬಸ್ಸಿನಲ್ಲಿ ಬಿದ್ದೆ ಅನ್ನುತ್ತೇನೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ದಿನಾ ಬಸ್ಸಿನಲ್ಲಿ ಓಡಾಡುವವಳ ಮಾತು, ಎಲ್ಲರೂ ನಂಬುತ್ತಾರೆ.

ಹುಮನಾಬಾದಿನ ಒಂದು ಮಕ್ಕಳ ಆಸ್ಪತ್ರೆಯ ಐಸಿಯುನಲ್ಲಿ ನಾನು ನರ್ಸ್. ನಾಲ್ಕು ಮಂಚ, ಒಂದು ದೊಡ್ಡ ಗಾಜಿನ ಗೋಡೆ. ಮನೆಯವರು ಸಂಜೆ ನಾಲ್ಕಕ್ಕೆ ಬಂದು ಆ ಗಾಜಿನಾಚೆಯಿಂದಲೇ ಮಕ್ಕಳನ್ನು ನೋಡಿಹೋಗಬೇಕು. ನರ್ಸ್ ಎಂದರೆ ಮಮತೆಯ ಮೂರ್ತಿ ಎಂದು ಭಾಷಣ ಬಿಗಿಯುವವರನ್ನು ಒಂದು ದಿನ ಗಾಜಿನ ಈಚೆಗೆ ತಂದು ನಿಲ್ಲಿಸಬೇಕು ಅನಿಸುತ್ತದೆ. ಗಂಟೆಗೊಮ್ಮೆ ಮಗುವಿನ ಗಂಟಲಿಗೆ ನಳಿಕೆ ಇಳಿಸಿ ಕಫ ಎಳೆಯುತ್ತೇವೆ. ಅದು ಉಸಿರುಗಟ್ಟಿ ನೀಲಿಯಾಗುತ್ತದೆ, ಬೆನ್ನು ಬಿಲ್ಲಾಗಿಸುತ್ತದೆ, ಕಣ್ಣಲ್ಲಿ ನೀರು ಹರಿಸಿಕೊಂಡು ನಮ್ಮನ್ನೇ ನೋಡುತ್ತದೆ. ಮತ್ತೆ ಒಂದು ಗಂಟೆ ಬಿಟ್ಟು ಅದನ್ನೇ ಮಾಡುತ್ತೇವೆ. ಮೊದಲ ವರ್ಷ ಆ ನೋಟಕ್ಕೆ ಹೆದರಿ ಕಣ್ಣು ತಪ್ಪಿಸುತ್ತಿದ್ದೆ. ಈಗ ತಪ್ಪಿಸುವುದಿಲ್ಲ, ಬೈದುಕೊಳ್ಳುತ್ತಲೇ ಮಾಡುತ್ತೇನೆ.

ಆ ಹುಡುಗ ಹಳ್ಳಿಖೇಡದ ಕಡೆಯವನು, ಏಳು ವರ್ಷ. ತೊಗರಿಗೆ ಹೊಡೆದು ಉಳಿದ ಕೀಟನಾಶಕವನ್ನು ಅವನ ಅಪ್ಪ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟಿದ್ದ. ನಮ್ಮ ಕಡೆ ಅದಕ್ಕೆ ಎಣ್ಣಿ ಅನ್ನುತ್ತಾರೆ. ಹೊಲದಲ್ಲಿ ಆಡಿ ಬಾಯಾರಿ ಬಂದ ಹುಡುಗ ಎರಡು ಗುಟುಕು ಕುಡಿದ. ತಂದಾಗ ಬಾಯಲ್ಲಿ ಬುರುಗು, ಬಟ್ಟೆಯೆಲ್ಲ ಒದ್ದೆ.

ಈ ವಿಷಕ್ಕೆ ಇಂಜೆಕ್ಷನ್ ಇದೆ. ಆದರೆ ಉಸಿರಾಡುವ ಶಕ್ತಿಯೇ ಸೋತರೆ, ಅದು ಮರಳುವವರೆಗೆ ಕಾಯುವುದೊಂದೇ ದಾರಿ. ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ. ಯಂತ್ರ ಉಸಿರು ತುಂಬುತ್ತದೆ, ಮಿಕ್ಕದ್ದೆಲ್ಲ ನಮ್ಮ ಕೈಯದು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಾಯಿ ಒರೆಸಬೇಕು, ಮೂಗಿನ ನಳಿಕೆಯಲ್ಲಿ ಹಾಲು ಬಿಡಬೇಕು, ಕಣ್ಣು ಒಣಗದಂತೆ ಮುಲಾಮು ಹಚ್ಚಿ ರೆಪ್ಪೆ ಮುಚ್ಚಬೇಕು. ಮೊದಲ ಎರಡು ದಿನ ಔಷಧದ ಅಮಲಿನಲ್ಲಿ ಅವನು ಕೈಗೆ ಸಿಕ್ಕಿದ್ದನ್ನೆಲ್ಲ ಕೀಳುತ್ತಿದ್ದ, ನನ್ನ ಮುಖಕ್ಕೂ ಒಂದು ಕೊಟ್ಟ. ಅವನ ಎರಡೂ ಮಣಿಕಟ್ಟುಗಳನ್ನು ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದೆ. ಮೂರನೆಯ ದಿನ ಕೈಕಾಲಿನ ಬಲ ಪೂರ್ತಿ ಇಳಿಯಿತು. ಡಾಕ್ಟರು, ಇದು ಈ ವಿಷದ ರೀತಿ, ನಾಲ್ಕೈದು ದಿನ ದಾಟಿಸಿದರೆ ಹುಡುಗ ಎದ್ದು ಕೂರುತ್ತಾನೆ ಅಂದರು. ದಾಟಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಅವನ ಕೊರಳಲ್ಲಿ ಲಿಂಗವಿತ್ತು, ಕೆಂಪು ಶಿವದಾರದಲ್ಲಿ ಕಟ್ಟಿದ್ದು. ಸೇರಿಸಿದ ದಿನವೇ ಅವನ ಆಯಿ, ಅಪ್ಪನ ತಾಯಿ, ಬಾಗಿಲಲ್ಲಿ ನನ್ನ ಕೈ ಹಿಡಿದು, ಏನು ಬೇಕಾದರೂ ಮಾಡಿ, ಅದೊಂದನ್ನು ಮೈಮೇಲಿಂದ ತೆಗೆಯಬೇಡಿ ಎಂದು ಕೇಳಿಕೊಂಡಿದ್ದಳು. ತೆಗೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮೂರನೆಯ ದಿನ ಮಧ್ಯಾಹ್ನ ಕೈಯ ನರಗಳೆಲ್ಲ ಕೈಕೊಟ್ಟವು, ಕೊರಳಿನ ದೊಡ್ಡ ನರಕ್ಕೇ ಸೂಜಿ ಹಾಕಬೇಕಾಯಿತು. ಶಿವದಾರ ಅಡ್ಡ ಬಂತು. ಡಾಕ್ಟರು ಕತ್ತರಿಸು ಅಂದರು, ಕತ್ತರಿಸಿದೆ.

ಬೇರೆ ಯಾರಾದರೂ ಅದನ್ನು ಪೊಟ್ಟಣ ಕಟ್ಟಿ ಡ್ರಾಯರಿಗೆ ಹಾಕುತ್ತಿದ್ದರು. ನನಗೆ ಕೊಟ್ಟ ಮಾತು ಇತ್ತು. ನಾನು ಮಂಠಾಳದ ದಲಿತ ಬೌದ್ಧರ ಮನೆಯವಳು, ಲಿಂಗ ಕಟ್ಟಿದವಳಲ್ಲ. ಆದರೆ ಶಾಲೆಗೆ ಹೋಗುವ ದಾರಿಯಲ್ಲಿ ಲಿಂಗಾಯತರ ಕಟ್ಟೆಯ ಮೇಲೆ ಹಿರಿಯರು ಎಡ ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ನೆಟ್ಟು ಪೂಜೆ ಮಾಡುವುದನ್ನು ವರ್ಷಗಟ್ಟಲೆ ಕಂಡಿದ್ದೆ. ಹಾಗಾಗಿ ಲಿಂಗವನ್ನು ಒರೆಸಿ ಹುಡುಗನ ಎಡ ಅಂಗೈಯಲ್ಲಿ ಇಟ್ಟೆ, ಜಾರದಂತೆ ಬಿಳಿ ಟೇಪ್ ಅಂಟಿಸಿದೆ. ಆಯಿಗೆ ಕಾಣಲಿ ಎಂದು ಅಂಗೈಯನ್ನು ಗಾಜಿನ ಕಡೆಗೆ ತಿರುಗಿಸಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ನಾಲ್ಕು ಗಂಟೆಗೆ ಪರದೆ ಸರಿಸಿದೆ. ಆಯಿ ಗಾಜಿಗೆ ಹಣೆ ಹಚ್ಚಿ ನೋಡಿದಳು, ಏನೋ ಅಂದಳು, ಹಾಗೇ ಕುಸಿದು ಕೂತಳು. ಏನಂದಳೆಂದು ಆಮೇಲೆ ತಿಳಿಯಿತು.

"ಲಿಂಗ ಕೈಯಾಗ ಕೊಟ್ಟಾರ. ಹೋಗ್ಯಾನ."

ಲಿಂಗಾಯತರಲ್ಲಿ ಹೆಣವನ್ನು ಕುಳ್ಳಿರಿಸಿ ಮಣ್ಣು ಕೊಡುವಾಗ ಎಡ ಅಂಗೈಯಲ್ಲಿ ಲಿಂಗ ಇಡುತ್ತಾರೆ. ಅದು ನನಗೆ ಗೊತ್ತಿರಲಿಲ್ಲ. ಅಲ್ಲಾಡದ ಕೈ, ಮುಚ್ಚಿದ ಕಣ್ಣು, ಅಂಗೈಯಲ್ಲಿ ಲಿಂಗ. ಸತ್ತ ಮಗುವನ್ನು ಯಂತ್ರದ ಮೇಲಿಟ್ಟು ಆಟ ಆಡುತ್ತಿದ್ದಾರೆ ಎಂದು ಹೊರಗಿನವರು ತಿಳಿದರು. ತಿಳಿಯದೆ ಏನು ಮಾಡಿಯಾರು?

ಬಾಗಿಲು ಒಂದೇ ಒದೆತಕ್ಕೆ ಕಿತ್ತು ಬಂತು. ಹುಡುಗನ ಅಪ್ಪ ಮುಂದೆ, ಇಬ್ಬರು ನೆಂಟರು ಹಿಂದೆ. ಒಬ್ಬ ಸಲೈನಿನ ಕಂಬ ಎತ್ತಿ ಗಾಜಿಗೆ ಬೀಸಿದ, ಗೋಡೆ ಪೂರ್ತಿ ಇಳಿದು ನೆಲದ ತುಂಬ ಚೂರಾಯಿತು. ಇನ್ನೊಬ್ಬ ಕೈಯಲ್ಲಿದ್ದ ಊಟದ ಡಬ್ಬಿಯನ್ನು ನನ್ನ ಮುಖಕ್ಕೆ ಬಡಿದ. ಬೇಳೆಸಾರೋ ರಕ್ತವೋ ಗೊತ್ತಾಗಲಿಲ್ಲ, ಕಣ್ಣು ಉರಿಯಿತು. ಹುಡುಗ ಜೀವಂತ ಇದ್ದಾನೆ ಎಂದು ಕಿರುಚುತ್ತಲೇ ಇದ್ದೆ. ಯಾರೂ ಕೇಳಲಿಲ್ಲ. ಅಪ್ಪ ಮಣಿಕಟ್ಟಿನ ಕಟ್ಟು ಹರಿದು ಮಗನನ್ನು ಎತ್ತಿಕೊಂಡ. ಎತ್ತಿದ ರಭಸಕ್ಕೆ ಗಂಟಲ ನಳಿಕೆ ಕಿತ್ತು ಬಂತು, ಕೊರಳ ಸೂಜಿಯಿಂದ ರಕ್ತ ಚಿಮ್ಮಿತು, ಯಂತ್ರ ಬಾಯಿ ಬಡಿದುಕೊಳ್ಳತೊಡಗಿತು.

ಆ ಕ್ಷಣ ನನ್ನಲ್ಲಿದ್ದದ್ದು ಕರುಣೆ ಅಲ್ಲ. ಸಿಟ್ಟು, ಬರೀ ಸಿಟ್ಟು. ಮೂರು ದಿನ ಉಸಿರು ಉಸಿರಾಗಿ ಕಾಯ್ದ ಹುಡುಗನನ್ನು ಇವನು ಜೋಳದ ಚೀಲ ಎತ್ತಿದಂತೆ ಎತ್ತಿದ್ದ. ಅವನ ಬಲಗೈಗೆ ಬಾಯಿ ಹಾಕಿ ಕಚ್ಚಿದೆ. ಹಲ್ಲು ಇಳಿಯುವವರೆಗೆ ಕಚ್ಚಿದೆ. ಕೈ ಸಡಿಲವಾಯಿತು. ಹುಡುಗನನ್ನು ಕಿತ್ತುಕೊಂಡು ಗಾಜಿನ ಚೂರಿನ ಮೇಲೇ ಮಲಗಿಸಿ, ಮುಖಕ್ಕೆ ಮಾಸ್ಕ್ ಒತ್ತಿ, ಗಾಳಿಯ ಚೀಲ ಹಿಚುಕಲು ಶುರುಮಾಡಿದೆ. ನನ್ನ ಹುಬ್ಬಿನ ರಕ್ತ ಅವನ ಹಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಆಗ ಅವನ ರೆಪ್ಪೆ ಅರ್ಧ ತೆರೆಯಿತು. ಅಪ್ಪ ಅದನ್ನು ನೋಡಿದ. ಸಲೈನಿನ ಕಂಬ ಹಿಡಿದಿದ್ದ ನೆಂಟ ಅದನ್ನು ಕೆಳಗಿಟ್ಟ.

ಡಾಕ್ಟರು ಓಡಿಬಂದು ಮತ್ತೆ ನಳಿಕೆ ಹಾಕುವಷ್ಟರಲ್ಲಿ ಹೃದಯ ಒಮ್ಮೆ ನಿಂತಿತ್ತು. ಎದೆ ಒತ್ತಿ ಒತ್ತಿ ಹಿಂದಕ್ಕೆ ತಂದೆವು. ಒತ್ತುವಾಗ ಕೈಕೆಳಗೆ ಒಂದು ಪಕ್ಕೆಲುಬು ಮುರಿದದ್ದು ನನಗೆ ತಿಳಿಯಿತು.

ಮರುದಿನ ಅಪ್ಪನ ಕೈಗೆ ಡ್ರೆಸ್ಸಿಂಗ್ ನಾನೇ ಮಾಡಿದೆ. ಬೇಕಾದ್ದಕ್ಕಿಂತ ಹೆಚ್ಚು ಸ್ಪಿರಿಟ್ ಸುರಿದೆ. ಅವನು ಹಲ್ಲು ಕಚ್ಚಿ ಸಹಿಸಿದ. ಹುಡುಗನ ಅಂಗೈಯಿಂದ ಬಿಚ್ಚಿಸಿಕೊಂಡ ಲಿಂಗವನ್ನು ಸೊಂಟದಲ್ಲಿ ಗಂಟು ಕಟ್ಟಿಕೊಂಡು ಆಯಿ ಪಕ್ಕದ ಬೆಂಚಿನಲ್ಲಿ ಕೂತಿದ್ದಳು.

"ಮಣ್ಣ ಕೊಡೂವಾಗ ಎಡಗೈಯಾಗ ಇಡ್ತಾರ್ರಿ ನರ್ಸ್ ಬಾಯಿ. ಇಷ್ಟ ಗೊತ್ತಿಲ್ಲೇನು ನಿಮಗ?"

"ನಮ್ಮಜ್ಜ ನಿಮ್ಮವರಿಗೆ ಗುಂಡಿ ತೋಡಾಂವ, ಆಯಿ. ಹೆಣ ಬರೂ ಹೊತ್ತಿಗೆ ದೂರ ನಿಂದರಸ್ತಿದ್ರಿ. ಹತ್ತರ ಬಿಟ್ಟಿದ್ರ ಗೊತ್ತಿರ್ತಿತ್ತು."

ಆಯಿ ಸೆರಗು ಬಾಯಿಗೆ ಹಚ್ಚಿಕೊಂಡಳು. ಹೇಳಿದ್ದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ.

ಹುಡುಗ ಎದ್ದು ಕೂರಲಿಲ್ಲ. ಕಫ ಎಳೆಯುವಾಗ ಕೆಮ್ಮುವುದನ್ನೂ ಬಿಟ್ಟ. ಬೆನ್ನು ಬಿಲ್ಲಾಗಿಸುತ್ತಿದ್ದವನು ಈಗ ಏನು ಮಾಡಿದರೂ ಸುಮ್ಮನೆ ಮಲಗಿರುತ್ತಿದ್ದ. ಹಿಂದೆ ಅವನ ಆ ಒದ್ದಾಟಕ್ಕೆ ಬೈದುಕೊಂಡವಳು, ಒಮ್ಮೆ ಒದ್ದಾಡೋ ಎಂದು ಕಿವಿಯಲ್ಲಿ ಬೇಡಿಕೊಂಡೆ. ಆರನೆಯ ದಿನ ಮಧ್ಯಾಹ್ನ ಅವನು ಹೋದ. ವಿಷದಿಂದಲೂ ಇರಬಹುದು, ಉಸಿರಿಲ್ಲದ ಆ ನಿಮಿಷಗಳಿಂದಲೂ ಇರಬಹುದು, ಇಂಥದ್ದರಿಂದಲೇ ಎಂದು ಯಾರೂ ಹೇಳಲಾರರು ಎಂದು ಡಾಕ್ಟರು ನನ್ನೊಬ್ಬಳಿಗೆ ಹೇಳಿದರು.

ನಳಿಕೆಗಳನ್ನೆಲ್ಲ ತೆಗೆದು ಮೈ ಒರೆಸುತ್ತಿದ್ದೆ. ಅಪ್ಪ ಬಂದು ಮಂಚದ ಕಾಲ್ದೆಸೆಯಲ್ಲಿ ನಿಂತ. ಕೈಯ ಕಟ್ಟು ಮಾಸಿತ್ತು.

"ಖರೆ ಹೇಳ್ರಿ ಸಿಸ್ಟರ್. ನಾ ಎತ್ತಿದ್ದಕ್ಕ ಹೋದನೇನ್ರಿ?"

ಡಾಕ್ಟರ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹುಬ್ಬಿನ ಹೊಲಿಗೆ ಎಳೆಯುತ್ತಿತ್ತು.

"ಹೌದು" ಅಂದೆ.

ಅವನು ಗೋಡೆಯ ಕಡೆ ತಿರುಗಿ ಹಣೆ ಚಚ್ಚಿಕೊಂಡ. ಒಂದು, ಎರಡು, ಮೂರು. ಆಯಿ ತಡೆಯಲಿಲ್ಲ, ನಾನೂ ತಡೆಯಲಿಲ್ಲ. ಅವಳು ನನ್ನ ಹತ್ತಿರ ಬಂದು ಸೊಂಟದ ಗಂಟು ಬಿಚ್ಚಿ ಲಿಂಗ ತೆಗೆದು ನನ್ನ ಕೈಗೆ ಕೊಟ್ಟಳು.

"ಈಗ ಇಡ್ರಿ, ನರ್ಸ್ ಬಾಯಿ."

ಎಡ ಅಂಗೈಯಲ್ಲಿ ಇಟ್ಟೆ. ಬೆರಳು ಒಂದೊಂದೇ ಮಡಚಿದರೂ ಮತ್ತೆ ಬಿಚ್ಚಿಕೊಂಡವು. ಟೇಪ್ ಬೇಕಾಯಿತು, ನನ್ನ ಎರಡೂ ಕೈ ತುಂಬಿದ್ದವು. ಅಪ್ಪನನ್ನು ಕರೆದೆ. ಅವನು ಬಂದು, ನಾನು ಕಚ್ಚಿದ ಕೈಯಿಂದ ಟೇಪಿನ ತುದಿ ಹಿಡಿದುಕೊಂಡ. ಅವನ ಹಣೆ ನನ್ನ ಹಣೆಯಿಂದ ಗೇಣುದ್ದ ದೂರದಲ್ಲಿತ್ತು, ಅಲ್ಲೂ ರಕ್ತ. ಡಾಕ್ಟರು ಏನಂದಿದ್ದರೆಂದು ಆಗಲಾದರೂ ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಟೇಪ್ ಕತ್ತರಿಸಿದೆ.