ಸುಮತಿಗೆ ಬಂದದ್ದು ಕೆಪ್ಪಟ್ರಾಯವೇ?

ಇಲ್ಲ… ನಂಬಲು ಆಗುತ್ತಿಲ್ಲ.
ಮೊನ್ನೆ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂತು ಗಂಜಿ ಕುಡಿದವಳು…
ಈಗ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಫೋಟೋಗೆ ಯಾರೋ ಹೂವು ಹಾಕಿದ್ದಾರೆ.

ನಮ್ಮ ಶಾಲೆಯ ಗಣಿತದ ಟೀಚರ್ ಸುಮತಿ ಇವತ್ತು ಬೆಳಿಗ್ಗೆ ಹೋಗಿಬಿಟ್ಟಳು.
ವಂಡ್ಸೆಯಿಂದ ದೊಡ್ಡ ಆಸ್ಪತ್ರೆಗೆ ಹೊರಟ ಕಾರು ಬ್ರಹ್ಮಾವರ ದಾಟುವ ಮೊದಲೇ ಅವಳ ಉಸಿರು ನಿಂತಿತ್ತು…

ಅವಳ ಮನೆಗೆ ಹೋಗಿ ಬಂದೆ.
ಅಲ್ಲಿ ಕೇಳಿದ್ದು ಒಂದಕ್ಕೊಂದು ತಾಳೆಯಾಗುತ್ತಿಲ್ಲ.
ಒಬ್ಬರು ಹಾರ್ಟ್ ಎಂದರು.
ಇನ್ನೊಬ್ಬರು, "ಕೆಪ್ಪಟ್ರಾಯ ತಲಿಗ್ ಏರಿತ್ತ್" ಎಂದರು.

ಕೆಪ್ಪಟ್ರಾಯ… ಮಕ್ಕಳಿಗೆ ಕೆನ್ನೆ ಊದುತ್ತದಲ್ಲ, ಮಂಗನಬಾವು, ಅದೇ.
ಅವಳ ಮಗಳು ಅನುವಿಗೆ ಆಗಿ ಈಗಷ್ಟೇ ಗುಣವಾಗಿತ್ತು. ಹಾಗಾಗಿ ತಾಯಿಯ ಗದ್ದ ಊದಿದಾಗ ಎಲ್ಲರ ಬಾಯಿಗೂ ಅದೇ ಹೆಸರು ಬಂತು.
ಕೆಪ್ಪಟ್ರಾಯಕ್ಕೆ ನಮ್ಮ ಕಡೆ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ರಕ್ತಚಂದನ ತೇಯ್ದು ಹಚ್ಚಿ ಮನೆಯಲ್ಲಿ ಕೂರುವುದು, ಅಷ್ಟೇ.

ಆದರೆ ಸುಮತಿ, ಮೊನ್ನೆ ನೀನು ನನ್ನ ಹತ್ತಿರ ಹೇಳಿದ್ದು ಹಲ್ಲಿನ ಮಾತು…
"ಕಡೆ ಹಲ್ಲ್ ಮಾರಾಯ್ತಿ, ಜೀವ ತೆಗಿತಿತ್ತ್."
ನಿನ್ನ ಊದಿದ ಗದ್ದ ನೋಡಿ ಪಿ.ಟಿ. ಮಾಸ್ಟ್ರು, "ಹ್ವಾಯ್, ಬಾಯಂಗೆ ಗೋಳಿಬಜೆ ಇಟ್ಕಂಡಿರ್ಯಾ?" ಅಂತ ಕೆಣಕಿದರು.
"ಹೌದ್, ನಿಮ್ಗ್ ಕೊಡುದಿಲ್ಲ" ಅಂದಿದ್ದೆ ನೀನು.
ನಗುವಾಗ ನಿನ್ನ ಬಾಯಿ ಅರ್ಧವೂ ತೆರೆಯಲಿಲ್ಲ.

ನಿನ್ನೆ ಫೋನಿನಲ್ಲಿ ನಿನ್ನ ಸ್ವರ…
ಬಿಸಿ ತುತ್ತು ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ.
ಎಂಜಲು ನುಂಗಲೂ ಆಗುವುದಿಲ್ಲ ಎಂದೆಯಲ್ಲ… ಅಷ್ಟರಲ್ಲಿ ನಿನ್ನ ಗಂಡ ಫೋನ್ ತೆಗೆದುಕೊಂಡರು.
"ಎಂತ ಇಲ್ಲ ಟೀಚರೇ, ಕೆಪ್ಪಟ್ರಾಯ ಅಂಬ್ರ್. ಕಡ್ಮಿ ಆತ್ತ್."

ಇವತ್ತು ಹಲ್ಲಿನ ಡಾಕ್ಟರ್ ಆಗಿರುವ ಗೆಳತಿಯನ್ನು ಕೇಳಿದೆ.
ಕೆಪ್ಪಟ್ರಾಯದ ಬಾವು ಹೆಚ್ಚಾಗಿ ಕಿವಿಯ ಬುಡದಲ್ಲಂತೆ. ಮನೆಯಲ್ಲಿ ಕೇಳಿದಂತೆ ಸುಮತಿಯದ್ದು ಗದ್ದದ ಅಡಿಯಲ್ಲಿ, ಎರಡೂ ಕಡೆ, ಕಲ್ಲಿನ ಹಾಗೆ ಗಟ್ಟಿ.
ಕೆಳದವಡೆಯ ಹಲ್ಲಿನ ಸೋಂಕು ನಾಲಿಗೆಯ ಕೆಳಗೆ ಹರಡಿದರೆ, ನಾಲಿಗೆ ಮೇಲೆದ್ದು ಉಸಿರಿನ ದಾರಿಯೇ ಮುಚ್ಚುತ್ತದಂತೆ…
ಆಸ್ಪತ್ರೆಯಲ್ಲಿ ಮೊದಲು ಉಸಿರಿಗೆ ದಾರಿ ಮಾಡಿ, ಆಂಟಿಬಯೋಟಿಕ್ ಡ್ರಿಪ್ ಕೊಟ್ಟು, ಕೊಯ್ದು ಕೀವು ಹೊರಬಿಟ್ಟು, ಆ ಹಲ್ಲನ್ನೂ ತೆಗೆಯುತ್ತಾರಂತೆ.
ಬೇಗ ಹೋದರೆ ಹೆಚ್ಚಿನವರು ಉಳಿಯುತ್ತಾರಂತೆ.
"ಆದ್ರೆ ನೋಡದೆ ಹೇಳೋದು ಕಷ್ಟ" ಅಂತಲೂ ಅಂದಳು.

ನಾನು ಡಾಕ್ಟರ್ ಅಲ್ಲ. ಇದು ಅನುಮಾನ.
ದುಃಖದಲ್ಲಿ ಯಾರ ಮೇಲಾದರೂ ಹೊರಿಸಲು ನೋಡುತ್ತಿದ್ದೇನಾ? ಗೊತ್ತಿಲ್ಲ…
ಅವಳ ಗಂಡನ ಮುಖ ನೋಡಿದ ಮೇಲೆ ಅವರನ್ನು ಏನೂ ಕೇಳಲಾಗಲಿಲ್ಲ.

ಆದರೂ ಬರೆಯುತ್ತಿದ್ದೇನೆ.
ಯಾಕೆಂದರೆ ಆ ಮನೆಯಲ್ಲಿ ಒಬ್ಬ ಹೆಂಗಸು, "ಮಗಳಿಂದ್ಲೇ ಅಂಟದ್ದ್ ಕಾಣಿ" ಎಂದರು.
ಅನು ಅಲ್ಲೇ ಇದ್ದಳು.
ಐದನೇ ಕ್ಲಾಸಿನ ಹುಡುಗಿ… ಬಾಯಿಗೆ ಶಾಲು ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು.
ಹತ್ತಿರ ಹೋದೆ.
"ಬರ್ಬೇಡಿ ಟೀಚರ್… ನಿಮ್ಗೂ ಹಿಡಿತ್ತ್."

ನಾಳೆ ಅಲ್ಲಿಗೆ ಹೋಗುವವರಲ್ಲಿ ಕೇಳಿಕೊಳ್ಳುತ್ತೇನೆ.
ಆ ಮಗುವಿಗೆ ಕೇಳುವ ಹಾಗೆ ಕೆಪ್ಪಟ್ರಾಯದ ಮಾತು ಬೇಡ. ಹಲ್ಲಿನಿಂದ ಆಯಿತು ಎನ್ನಿ.
ನನ್ನ ಅನುಮಾನ ತಪ್ಪಾದರೆ ಆ ತಪ್ಪು ನನ್ನ ಮೇಲಿರಲಿ… ಅವಳ ಮೇಲೆ ಏನೂ ಬೇಡ.

ಸುಮತಿ, ನಾಳೆ ಅವಳು ಬೇಡವೆಂದರೂ ನಾನು ಹತ್ತಿರ ಹೋಗಿ ಕೂರುತ್ತೇನೆ.
ನೋವಿಲ್ಲದ ಕಡೆ ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ…
ಹೋಗಿ ಬಾ.