ನಿಂಬಿಹಣ್ಣು ಕತ್ತರಿಸಿದ ದಿನ

ಗದಗದಾಗ ಕಾರ್ ತೊಳ್ಯೂದು ನನ್ನ ಉದ್ಯೋಗ. ಸೀಟಿನ ಕಲಿ, ಬಾಗಲಕ್ಕ ಹತ್ತಿದ ಡಾಂಬರು, ಯಾವುದಕ್ಕೂ ಅಂಜಿದಾಂವ ಅಲ್ಲ. ಅಂಜಿದ್ದು ಒಂದು ಒಣಾ ನಿಂಬಿಹಣ್ಣಿಗೆ.

ಮುಂಡರಗಿಯ ಸಾವುಕಾರ್ರೊಬ್ರು ಬಿಳಿ ಕಾರ್ ತೊಳ್ಯಾಕ ಬಿಟ್ಟು ಚಾ ಕುಡಿಯಾಕ ಹೋಗಿದ್ರು. ಮುಂದಿನ ಬಂಪರಿಗೆ ಕಟ್ಟಿದ್ದ ನಿಂಬಿಹಣ್ಣು, ಮೆಣಸಿನಕಾಯಿ ಒಣಗಿ ಕರ್ರಗಾಗಿದ್ವು. ಅವುಗಳ ಹಿಂದ ಮಣ್ಣು ಕುಂತೈತಿ ಅಂತ ದಾರ ಕತ್ತರಿಸಿ ಗಟಾರಕ್ಕ ಒಗದೆ. ಚಕ್ರದೊಳಗಿನ ಕೆಸರಿಗೂ ಜೋರಾಗಿ ನೀರು ಬಿಟ್ಟೆ.

ತಿರುಗಿ ಬಂದ ಸಾವುಕಾರ್ರ ಮುಖ ಬಂಪರ್ ನೋಡಿ ಬಿಳಚಿಕೊಂತು.

"ಅಮಾಸಿ ದಿನ ನಮ್ಮವ್ವ ಕಟ್ಟಿದ್ದಲೇ ಅದು! ನೀನೂ ಹತ್ತು. ಏನಾರ ಆದ್ರ ಇಬ್ಬರಿಗೂ ಆಗ್ಲಿ."

ಬಾಜೂಕ ಕುಂತೆ. ರಸ್ತಾಕ್ಕ ಬಂದೀವೋ ಇಲ್ಲೋ, ಎಮ್ಮಿ ಅಡ್ಡ ಬಂತು. ಅವ್ರು ಬ್ರೇಕ್ ಒತ್ತಿದ್ರು. ಕಾರ್ ನಿಲ್ಲವಲ್ದು! ನನ್ನ ಜೀವ ಬಾಯಿಗೆ ಬಂತು. ಎಮ್ಮಿ ಒಂದು ಗೇಣು ದೂರ ಇದ್ದಾಗ ನಿಂತ್ವಿ.

"ನೋಡಿದ್ಯಾ, ನಿಂಬಿಹಣ್ಣು ತಗದಿದ್ದಕ್ಕ!" ಅಂದ್ರು.

ತೊಳದ ಮ್ಯಾಲೆ ಬ್ರೇಕ್ ಹಸಿ ಇರ್ತಾವ. ಸಾವಕಾಶ ಓಡಿಸಿ ನಾಕು ಸಲ ಒತ್ತಿ ಒಣಗಿಸಬೇಕು. ಅದನ್ನ ಮರತಾಂವ ನಾನು. ಹೇಳಬೇಕಂತ ಬಾಯಿ ತಗದೆ. ಅವರ ರಟ್ಟಿ ನೋಡಿದೆ, ಒನಕಿಯಂಗ ಇದ್ವು.

"ಹೌದ್ರಿ, ಅದಕ್ಕ" ಅಂದೆ.

ಈಗ ಎಲ್ಲಾ ಗಿರಾಕಿಗೂ ಬ್ರೇಕಿನ ಮಾತು ಹೇಳ್ತೇನಿ, ಅವರೊಬ್ಬರನ್ನ ಬಿಟ್ಟು. ಅವರ ಕಾರಿಗೆ ಹೊಸಾ ನಿಂಬಿಹಣ್ಣು ಕಟ್ಟಿ, ಅವ್ರು ಚಾ ಕುಡಿಯೂದ್ರಾಗ ಬ್ರೇಕ್ ನಾನ ಒಣಗಿಸಿ ಇಟ್ಟಿರ್ತೇನಿ. ನಿಂಬಿಹಣ್ಣಿನ ಮರ್ಯಾದಿನೂ ಉಳೀಬೇಕಲ್ಲ.