ಒರಳಲ್ಲೇ ಉಳಿದ ಗುಂಡು

ಮೊನ್ನೆ ಕಪಾಟು ಒರೆಸುವಾಗ ಮುಗ್ಗಲು ವಾಸನೆಯ ತೆಳು ಪುಸ್ತಕವೊಂದು ಕೈಗೆ ಬಂತು. ಹೆಸರು ಹೇಳುವುದಿಲ್ಲ, ಅದರ ಪುಣ್ಯ ನಿಮಗೆ ಬೇಡ. ಹಿಟ್ಲರನ ಕಾಲದಲ್ಲಿ ಯಹೂದಿಗಳ ಸಾಮೂಹಿಕ ಕೊಲೆ ನಡೆಯಲೇ ಇಲ್ಲ, ಎಲ್ಲ ಕಟ್ಟುಕತೆ ಎಂದು ವಾದಿಸುವ ಪುಸ್ತಕ. ತೊಂಬತ್ತರ ದಶಕದ ಕೊನೆಯಲ್ಲಿ, ಯಸಳೂರಿನಲ್ಲಿ ಹೊಸದಾಗಿ ಚರಿತ್ರೆ ಮೇಷ್ಟ್ರಾಗಿದ್ದಾಗ ನಾನು ಅದನ್ನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ ಮಾರಾಯ್ರೇ, ಎರಡು ಪುಸ್ತಕ ಓದಿದವರಿಗೆ ಬರುವ ಕೊಬ್ಬು ನನಗೂ ಬಂದಿತ್ತು. ಶನಿವಾರ ಮಕ್ಕಳ ಮುಂದೆ ಅದನ್ನೇ ಭಾಷಣ ಮಾಡುವುದೆಂದು ತೀರ್ಮಾನಿಸಿದ್ದೆ.

ನನ್ನ ಬಾಡಿಗೆ ಮನೆಯ ಯಜಮಾನರು ಸಣ್ಣೇಗೌಡರು, ಎಪ್ಪತ್ತು ದಾಟಿದವರು. ಕಾಫಿ ಒಣಗಿಸುವ ಕಣದಲ್ಲಿ ಕೂತಿದ್ದ ಅವರಿಗೆ ಭಾಷಣ ಒಪ್ಪಿಸಿದೆ. ಕೊಲ್ಲಿ ಎಂದು ಹಿಟ್ಲರ್ ಸಹಿ ಹಾಕಿದ ಒಂದು ಕಾಗದವೂ ಇಲ್ಲ, ಆದ್ದರಿಂದ ಕೊಲೆಯೂ ಇಲ್ಲ. ಇದು ನನ್ನ ಬ್ರಹ್ಮಾಸ್ತ್ರ. ಗೌಡರು ಒಂದೇ ಮಾತು ಕೇಳಿದರು.

"ಯುದ್ಧಕ್ ಮುಂಚೆ ಇದ್ದೋರು ಆಮೇಲೆ ಎಲ್ಲಿಗ್ ಹೋದ್ರು, ಮೇಷ್ಟ್ರೇ?"

ಬೇರೆ ದೇಶಕ್ಕೆ ಹೋಗಿರಬಹುದು ಎಂದೆ. ಅವರು ಎದ್ದು, ಕತ್ತಿ ಕೈಗೆತ್ತಿಕೊಂಡು, ನನ್ನ ಜೊತೆ ಬನ್ನಿ ಎಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ದಾರಿ ಸವರುವುದಕ್ಕೆ ಕತ್ತಿ ಎಂದು ಆಮೇಲೆ ಗೊತ್ತಾಯಿತು.

ಬಿಸಿಲೆ ಘಾಟಿಯ ಕಡೆ, ಎಸ್ಟೇಟ್ ಬೇಲಿಯ ಪಕ್ಕದ ಲಂಟಾನ ಪೊದೆಯೊಳಗೆ ನುಗ್ಗಿದೆವು. ನಡುಮಧ್ಯಾಹ್ನ, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಕಾಲಿಗೆ ಏನೋ ತಾಗಿತು. ನೆಲದಲ್ಲಿ ಹೂತ ಒರಳುಕಲ್ಲು. ಹತ್ತು ಹೆಜ್ಜೆಯಾಚೆ ಇನ್ನೊಂದು, ಅದರಾಚೆ ಮತ್ತೊಂದು. ಗೋಡೆಯಿಲ್ಲ, ಹಂಚಿಲ್ಲ, ಬರೀ ಏಳು ಒರಳು. ಪ್ರತಿಯೊಂದರಲ್ಲೂ ರುಬ್ಬುವ ಗುಂಡು ಹಾಗೇ ಕೂತಿತ್ತು. ಗೌಡರು ಒಂದೊಂದರ ಮುಂದೆ ನಿಂತು ಒಂದೊಂದು ಹೆಂಗಸಿನ ಹೆಸರು ಹೇಳುತ್ತಾ ಹೋದರು, ಒಳಗಿದ್ದವರನ್ನು ಕರೆಯುವ ದನಿಯಲ್ಲಿ.

ಅದು ಅವರ ಹುಟ್ಟೂರು. ತಾಯಿ ಕೂಸಾಗಿದ್ದ ಇವರನ್ನೆತ್ತಿಕೊಂಡು ಪಾಳ್ಯದಲ್ಲಿದ್ದ ತವರಿಗೆ ಹೋಗಿದ್ದಾಗ ಊರಿಗೆ ಜ್ವರ ಬಂದು ಮಿಕ್ಕವರೆಲ್ಲ ಸತ್ತರಂತೆ. ಹೆಸರುಗಳು ತಾಯಿ ಹೇಳಿಕೊಟ್ಟವು. ಎಸ್ಟೇಟಿನ ಹೊಸ ಸಾಹುಕಾರ ಮಾತ್ರ ಇಲ್ಲಿ ಊರೇ ಇರಲಿಲ್ಲ, ಇದ್ದರೂ ಘಟ್ಟದ ಕೆಳಗೆ ಗುಳೆ ಹೋಗಿರಬೇಕು ಎನ್ನುತ್ತಿದ್ದ.

"ನಮ್ ಕಡೆ ಮನೆ ಬುಟ್ಟು ಹೋಗೋರು ಒರಳು ಕೀಳಕ್ಕಾಗಲ್ಲ ಅಂತ ಬುಡ್ತಾರೆ, ಗುಂಡು ಹೊತ್ಕೊಂಡೇ ಹೋಗ್ತಾರೆ," ಎಂದರು ಗೌಡರು. "ಏಳು ಮನೆ ಗುಂಡೂ ಇಲ್ಲೇ ಐತೆ. ಹೋದೋರು ಯಾರು, ಹೇಳಿ?"

ನಾನು ಒಂದು ಗುಂಡಿಗೆ ಕೈ ಹಾಕಿದೆ. ಮಣ್ಣು ಹಿಡಿದು ಬಿಗಿದಿರಬೇಕಾದ ಕಲ್ಲು, ನಿನ್ನೆ ತಾನೆ ರುಬ್ಬಿದ ಹಾಗೆ ಗರಗರ ತಿರುಗಿತು. ಕೈ ತೆಗೆದ ಮೇಲೂ ಆ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ನಿಜ ಹೇಳುತ್ತೇನೆ, ಹೆದರಿಬಿಟ್ಟೆ.

ಜ್ವರ ಬೇರೆ, ಕೊಲೆ ಬೇರೆ. ಅಷ್ಟು ಬುದ್ಧಿ ನನಗಿತ್ತು. ಆದರೂ ಎಲ್ಲಿಗೆ ಹೋದರು ಎಂಬ ಗೌಡರ ಪ್ರಶ್ನೆ ಬಿಡಲಿಲ್ಲ, ಸಕಲೇಶಪುರದ ಲೈಬ್ರರಿಗೆ ಹೋಗಿ ಬೇರೆ ಪುಸ್ತಕಗಳನ್ನು ತೆಗೆದೆ. ಕೊಂದವರೇ ಬರೆದಿಟ್ಟ ವರದಿಗಳಿದ್ದವು. ಜನರನ್ನು ತುಂಬಿಕೊಂಡು ಹೋದ ರೈಲುಗಳ ಕಾಗದಗಳಿದ್ದವು. ಶಿಬಿರದ ಅಧಿಕಾರಿಗಳು ಕೋರ್ಟಿನಲ್ಲಿ ಬಾಯಿಬಿಟ್ಟು ಒಪ್ಪಿಕೊಂಡಿದ್ದರು, ಬದುಕುಳಿದವರ ಮಾತು ಅದಕ್ಕೆಲ್ಲ ತಾಳೆಯಾಗುತ್ತಿತ್ತು. ಬೇರೆ ದೇಶಕ್ಕೆ ಹೋಗಿದ್ದರೆ ಲಕ್ಷಾಂತರ ಜನ ಎಲ್ಲೋ ಒಂದು ಕಡೆ ಇಳಿದಿರಬೇಕಲ್ಲ, ಯಾವ ದೇಶವೂ ಅವರನ್ನು ಕಂಡಿರಲಿಲ್ಲ. ಒಂದು ಸಹಿ ಸಿಗಲಿಲ್ಲವೆಂದು ಇಷ್ಟನ್ನೂ ಅಳಿಸಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಶನಿವಾರ ಮಕ್ಕಳಿಗೆ ಇದನ್ನೇ ಹೇಳಿದೆ, ನಾನು ಮೋಸಹೋದದ್ದನ್ನೂ ಸೇರಿಸಿ.

ಗೌಡರು ತೀರಿಕೊಂಡು ಬಹಳ ವರ್ಷವಾಯಿತು. ಪುಸ್ತಕ ಸಿಕ್ಕ ಮರುದಿನವೇ ನಾನು ಆ ಜಾಗಕ್ಕೆ ಹೋದೆ. ಜೆಸಿಬಿ ಹೊಡೆಸಿ, ನೆಲ ಸಮ ಮಾಡಿ ಕಾಫಿ ಹಾಕಿದ್ದಾರೆ. ಇಲ್ಲಿ ಯಾವ ಊರೂ ಇರಲಿಲ್ಲ ಸಾರ್ ಎಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಬಹಳ ವಿನಯದಿಂದಲೇ. ಅವನಿಗೆ ತೋರಿಸಲು ನನ್ನ ಹತ್ತಿರ ಒಂದು ಕಲ್ಲೂ ಇರಲಿಲ್ಲ. ಆ ಏಳು ಹೆಂಗಸರ ಹೆಸರುಗಳನ್ನಾದರೂ ಹೇಳೋಣವೆಂದು ಗಿಡಗಳ ನಡುವೆ ನಿಂತು ಗಟ್ಟಿಯಾಗಿ ಶುರು ಮಾಡಿದೆ. ಆರೇ ನೆನಪಾದವು.